ಕೀನ್ಯಾಕ್ಕೆ ಹೊರಟ ಹುಡುಗರೇ, ಮೊದಲು ಹರಿಹರದ ಎರೆಯಲ್ಲಿ ಒಂದು ಕಂಬ ನೆಟ್ಟು ನೋಡಿ

ಏಪ್ರಿಲ್ ತಿಂಗಳ ಎರೆಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತೆ. ಅಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ತೆಗೆದ ಮಣ್ಣನ್ನೇ ಮುಚ್ಚಿ ನಾಲ್ಕು ಸಲ ತುಳಿದರೆ ಆ ಹೊತ್ತಿಗೆ ಕಂಬ ಗಟ್ಟಿಯಾಗೇ ಕಾಣುತ್ತೆ. ಮುಂಗಾರಿನ ಎರಡು ಹದಮಳೆ ಬೀಳಲಿ. ಮಣ್ಣು ನೀರು ಕುಡಿದು ಉಬ್ಬುತ್ತೆ, ಕಂಬವನ್ನು ಪಕ್ಕಕ್ಕೆ ನೂಕುತ್ತೆ. ಮತ್ತೆ ಒಣಗಿದಾಗ ಬುಡದ ಸುತ್ತ ಬೆರಳು ಹೋಗುವಷ್ಟು ಸಂದು. ಆಮೇಲೆ ಆ ಕಂಬ ಆರು ವರ್ಷದ ಮಗುವಿನ ಹಾಲುಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡುತ್ತೆ.

ಹರಿಹರ, ದಾವಣಗೆರೆ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಕ್ಕಳಿಗೆ ಹೇಳಬೇಕು. ಅದರಲ್ಲೂ ರಜೆಯಲ್ಲಿ ಕೀನ್ಯಾಕ್ಕೋ ಉಗಾಂಡಕ್ಕೋ ಹೋಗಿ ಅಲ್ಲಿನ ಶಾಲೆಗಳಿಗೆ ಕೈ ತೊಳೆಯುವ ವ್ಯವಸ್ಥೆ ಕಟ್ಟಿಕೊಡ್ತೀವಿ ಅಂತ ಚಂದಾ ಎತ್ತಲು ಹೊರಟವರಿಗೆ ಹೇಳಲೇಬೇಕು. ದಾವಣಗೆರೆಯ ಹತ್ತಿಗಿರಣಿಗಳನ್ನು ಸಾಕಿದ ಈ ಮಣ್ಣಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್ ಕಾಟನ್ ಸಾಯಿಲ್ ಅಂತೀವಲ್ಲ, ನೈರೋಬಿ ಸುತ್ತಮುತ್ತಲೂ ಅದೇ ಹೆಸರು, ಅದೇ ಗುಣ. ಮದ್ದೂ ಒಂದೇ, ಮೊರಂ, ಅಂದರೆ ಗರಸು. ಅಲ್ಲಿನವರೂ ಅದಕ್ಕೆ ಮುರಂ ಅಂತಲೇ ಅಂತಾರೆ.

ನಮ್ಮ ಕಡೆಯ ವಿದ್ಯಾರ್ಥಿಗಳು ಹೊರದೇಶಕ್ಕೆ ಒಯ್ಯಬಹುದಾದ ಒಳ್ಳೇ ಸರಕು ಇದೇ: ಎರೆಮಣ್ಣು, ಗಡಸು ನೀರು, ಗೆದ್ದಲು, ಬಿಸಿಲು ಇವುಗಳ ಪರಿಚಯ. ಡ್ರಮ್ಮು, ನಲ್ಲಿ, ಪೈಪು ಅಲ್ಲಿನ ಅಂಗಡಿಯಲ್ಲೂ ಸಿಗುತ್ತೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ಇಲ್ಲೇ ಒಂದು ಸರ್ಕಾರಿ ಶಾಲೆಯಲ್ಲಿ ಕಟ್ಟಿ. ಒಂದು ಬೇಸಿಗೆ, ಒಂದು ಮಳೆಗಾಲ ಅದು ತಾಳುತ್ತಾ ನೋಡಿ. ತಾಳಿದ ಮೇಲೆ ಹೊರಡಿ.

ಕೈ ತೊಳೆಯುವ ಸಾಧನ ಹೊರುವ ಕಂಬದ ಮಾತು ಮುಗಿಸಿಬಿಡೋಣ. ಎರೆಯಲ್ಲಾದರೆ ಗುಂಡಿ ಎರಡೂವರೆ ಅಡಿ ಆಳ, ಒಂದಡಿ ಅಗಲ. ತೆಗೆದ ಮಣ್ಣನ್ನು ದೂರ ಸುರಿಯಿರಿ, ಅದನ್ನು ವಾಪಸ್ ತುಂಬಬಾರದು. ತಳಕ್ಕೆ ನಾಲ್ಕು ಬೆರಳು ಜಲ್ಲಿ, ಅದರ ಮೇಲೆ ಗರಸು. ಅರ್ಧ ಅಡಿ ತುಂಬಿದಾಗೊಮ್ಮೆ ನೀರು ಚಿಮುಕಿಸಿ, ಹಾರೆಯ ದಪ್ಪ ತುದಿಯಲ್ಲಿ ದಮ್ಮಸ್ಸು ಮಾಡಬೇಕು. ಬುಡದಲ್ಲಿ ಮಣ್ಣು ದಿಬ್ಬದ ಹಾಗೆ ಎತ್ತರವಾಗಿರಲಿ, ನೀರು ಆಚೆ ಹರಿಯಲಿ. ಹೊಸದುರ್ಗ, ಹೊಳಲ್ಕೆರೆ ಕಡೆಯಂಥ ಕೆಂಪು ಮಣ್ಣಿನಲ್ಲಿ ಇಷ್ಟು ಕಷ್ಟ ಬೇಡ, ಒಂದೂವರೆ ಅಡಿ ಆಳ ನಡೆಯುತ್ತೆ. ಮರದ ಕಂಬವಾದರೆ ಗೆದ್ದಲು ಎರಡೂ ಕಡೆ ತಿನ್ನುತ್ತೆ, ಕೆಂಪು ಕಪ್ಪು ಅಂತ ನೋಡಲ್ಲ. ಚಿತ್ರದುರ್ಗದ ಕಡೆ ಬೇಲಿಗೆ ನಿಲ್ಲಿಸುವಂಥ ಕಲ್ಲುಕಂಬ ಸಿಕ್ಕರೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ.

ಇನ್ನು ಮೇಲಿನ ಸಾಮಾನು. ಈ ವಿಷಯ ಬಂದ ಕೂಡಲೇ ಎಲ್ಲರೂ ಹೇಳುವ ಹೆಸರು ಟಿಪ್ಪಿ ಟ್ಯಾಪ್, ಬಾಗಿಸಿದರೆ ನೀರು ಸುರಿಯುವ, ತೂಗುಹಾಕಿದ ಪಾತ್ರೆ. ಇದು 1980ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ಸೋರೆಬುರುಡೆಯಿಂದ ಶುರುವಾದದ್ದು. ಬುರುಡೆಗೆ ಅಲ್ಲಿನ ಶೋನಾ ಭಾಷೆಯಲ್ಲಿ ಮುಕೊಂಬೆ ಅಂತಾರೆ. ಕೀನ್ಯಾ, ಟಾಂಜಾನಿಯಾದಲ್ಲಿ ಇದೇ ಜಾತಿಯ ಸಾಧನಕ್ಕೆ ಕಿಬುಯು ಚಿರಿಜಿ ಅಂತ ಹೆಸರು, ಅಲ್ಲೂ ಕಿಬುಯು ಅಂದರೆ ಬುರುಡೆಯೇ. ನಮ್ಮ ಹಳ್ಳಿಗಳಲ್ಲಿ ಬೀಜ ಕಾಪಿಡಲು, ಈಜು ಕಲಿಯಲು ಬಳಸುತ್ತಿದ್ದ ಅದೇ ಬುರುಡೆ. ಅಂದರೆ ಇಲ್ಲಿಂದ ಹೋಗಿ ಆಫ್ರಿಕಾದವರಿಗೆ ಟಿಪ್ಪಿ ಟ್ಯಾಪ್ ‘ಕಲಿಸುವುದು’ ಬಯಲುಸೀಮೆಗೆ ಬಂದು ರೊಟ್ಟಿ ತಟ್ಟುವುದನ್ನು ಕಲಿಸಿದಂಗೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಅಲ್ಲಿ ಹೋಗಿ ಮಾತಾಡುವ ಧಾಟಿಯೇ ಬದಲಾಗುತ್ತೆ.

ಮಾಡುವುದು ಸುಲಭ. ಆರೂವರೆ ಅಡಿಯ ಎರಡು ಕವೆಗೋಲು, ಮೂರು ಅಡಿಯ ಎರಡು ನೇರ ಕೋಲು, ಐದು ಲೀಟರಿನ ಹಿಡಿಕೆ ಇರುವ ಎಣ್ಣೆ ಕ್ಯಾನು, ಎರಡು ಮಾರು ಹಗ್ಗ, ಸೋಪು, ಒಂದು ಬುಟ್ಟಿ ಜಲ್ಲಿ. ಕವೆಗೋಲುಗಳನ್ನು ಎರಡಡಿ ಅಂತರದಲ್ಲಿ ನೆಟ್ಟು, ಒಂದು ನೇರ ಕೋಲನ್ನು ಕ್ಯಾನಿನ ಹಿಡಿಕೆಯಲ್ಲಿ ತೂರಿಸಿ ಕವೆಯ ಮೇಲೆ ಇಡಿ. ಕ್ಯಾನಿನ ಮುಂಭಾಗದಲ್ಲಿ ಮುಚ್ಚಳದಿಂದ ಸುಮಾರು 12 ಸೆಂ.ಮೀ. ಕೆಳಗೆ ಕಾದ ಮೊಳೆಯಿಂದ ತೂತು ಮಾಡಿ, ಪೆನ್ಸಿಲ್ ದಪ್ಪಕ್ಕಿಂತ ದೊಡ್ಡದು ಬೇಡ. ಮುಚ್ಚಳದಲ್ಲೂ ಒಂದು ತೂತು. ಅದರಲ್ಲಿ ಹಗ್ಗ ತೂರಿಸಿ, ಒಳಗಡೆ ಒಂದು ಕಡ್ಡಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ನೆಲದ ಮೇಲಿರುವ ಎರಡನೇ ಕೋಲಿಗೆ ಕಟ್ಟಿ. ಆ ಕೋಲು ಮೆಟ್ಟಿದರೆ ಕ್ಯಾನು ಬಾಗುತ್ತೆ, ನೀರು ಬರುತ್ತೆ. ಕಾಲು ತೆಗೆದರೆ ತಾನೇ ನೇರವಾಗುತ್ತೆ. ಮಲದ ಕೈಯಲ್ಲಿ ನಲ್ಲಿ ಮುಟ್ಟುವ ಪ್ರಶ್ನೆಯೇ ಇಲ್ಲ, ಇದರ ಸೊಗಸು ಇರುವುದೇ ಅಲ್ಲಿ.

ಕೆಡುವುದು ಹಗ್ಗದ ಅಳತೆಯಲ್ಲಿ. ಮೆಟ್ಟುಗೋಲಿನ ಒಂದು ತುದಿ ನೆಲದ ಮೇಲಿದ್ದು, ಹಗ್ಗ ಕಟ್ಟಿದ ತುದಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಮೇಲಿರಬೇಕು. ಹಗ್ಗ ಗಿಡ್ಡವಾದರೆ ಪುಟ್ಟ ಮಕ್ಕಳ ಕಾಲು ಎಟುಕಲ್ಲ. ಉದ್ದವಾದರೆ ಕೋಲು ನೆಲ ಮುಟ್ಟಿದರೂ ಕ್ಯಾನು ಬಾಗಲ್ಲ. ಹತ್ತಿ ಹಗ್ಗ ನೆನೆದರೆ ಅಳತೆ ತಪ್ಪುತ್ತೆ, ಅದಕ್ಕೆ ನೈಲಾನ್ ಇರಲಿ. ಆದರೆ ಮುಚ್ಚಳದ ತೂತಿನ ಅಂಚು ಹರಿತವಾಗಿದ್ದರೆ ನೈಲಾನನ್ನೂ ತಿಂಗಳೊಪ್ಪತ್ತಿನಲ್ಲಿ ಕೊಯ್ದು ಹಾಕುತ್ತೆ, ಆ ಅಂಚನ್ನೂ ಕಾದ ಮೊಳೆಯಲ್ಲೇ ನಯ ಮಾಡಿ. ಇನ್ನೊಂದು, ಐದು ಲೀಟರಿನ ಕ್ಯಾನು ಅಂತ ಐದು ಲೀಟರ್ ಲೆಕ್ಕ ಹಾಕಬೇಡಿ. ಮುಂದಿನ ತೂತಿನ ಕೆಳಗಿನವರೆಗೆ ಮಾತ್ರ ನೀರು ನಿಲ್ಲುತ್ತೆ, ಮೂರು ಮೂರೂವರೆ ಲೀಟರ್ ಇರಬಹುದು. ಒಬ್ಬರಿಗೆ 100 ಮಿ.ಲೀ. ಅಂದರೂ ಮೂವತ್ತೈದು ಮಕ್ಕಳು ದಾಟುವಷ್ಟರಲ್ಲಿ ಖಾಲಿ. ಶೌಚಾಲಯದ ಬಾಗಿಲಲ್ಲಿ ಇದು ಚೆನ್ನ. ಊಟದ ಹೊತ್ತಿನ ಗದ್ದಲಕ್ಕೆ ಇದು ಸಾಲದು.

ಕ್ಯಾನಿನ ಬಗ್ಗೆ ಒಂದೇ ಒಂದು ಗಟ್ಟಿ ಮಾತು: ಕ್ರಿಮಿನಾಶಕ, ಕಳೆನಾಶಕದ ಕ್ಯಾನು ಎಷ್ಟು ತೊಳೆದರೂ ಬಳಸಬಾರದು. ನಮ್ಮ ಹೊಲಗಳ ಬದುವಿನಲ್ಲೂ ಅವೇ ಬಿದ್ದಿರುತ್ತೆ, ಅಲ್ಲೂ ಅವೇ. ಬಿಟ್ಟಿ ಸಿಗುತ್ತೆ ಅಂತ ಆರಿಸಿಕೊಂಡು ಬರುವವರು ಇದ್ದೇ ಇರ್ತಾರೆ.

ಈಗ ಊಟದ ಹೊತ್ತಿನ ಲೆಕ್ಕ. ಬಿಸಿಯೂಟದ ಗಂಟೆ ಹೊಡೆದಾಗ ಇನ್ನೂರು ಮಕ್ಕಳು ಒಟ್ಟಿಗೆ ಹೊರಗೆ ಬರ್ತಾರೆ. ನಾಲ್ಕು ನಲ್ಲಿ ಇದ್ದರೆ, ಒಬ್ಬರಿಗೆ ಒಂದು ನಿಮಿಷ ಅಂದರೆ, ಐವತ್ತು ನಿಮಿಷ ಬೇಕು. ಸಾರು ಆರಿಹೋಗುತ್ತೆ, ಸಾಲು ಒಡೆದುಹೋಗುತ್ತೆ, ಕೊನೆಗೆ ಯಾರೂ ತೊಳೆಯಲ್ಲ. ‘ನಲ್ಲಿ ಇದ್ದರೂ ಮಕ್ಕಳು ಕೈ ತೊಳೆಯಲ್ಲ, ಅರಿವಿಲ್ಲ’ ಅಂತ ಭಾಷಣ ಮಾಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಲಿ. ಇದಕ್ಕೆ ಉತ್ತರ ತೂತಿನ ಪೈಪು. ಫಿಲಿಪ್ಪೀನ್ಸಿನ ಶಾಲೆಗಳಲ್ಲಿ ಸಾಲಾಗಿ ನಿಂತು ಒಟ್ಟಿಗೆ ಕೈ ತೊಳೆಯುವ ಪದ್ಧತಿ ದೊಡ್ಡದಾಗಿ ನಡೆದದ್ದು ಇಂಥ ವ್ಯವಸ್ಥೆಯ ಮೇಲೆಯೇ.

ಹತ್ತು ಅಡಿಯ ಒಂದು ಪಿವಿಸಿ ಪೈಪು, ಅಡಿಗೊಂದರಂತೆ ಹತ್ತು ತೂತು, ಒಂದು ಕಡೆ ನೀರಿನ ಡ್ರಮ್ಮಿಗೆ ಜೋಡಿಸುವ ಬಾಲ್ ವಾಲ್ವ್, ಇನ್ನೊಂದು ಕಡೆ ಬಾಯಿ ಮುಚ್ಚುವ ಎಂಡ್ ಕ್ಯಾಪ್. ತೂತು 2 ಮಿ.ಮೀ. ಇರಬೇಕು. ಇಲ್ಲೇ ಎಲ್ಲರೂ ಎಡವುವುದು. ‘ನೀರು ಧಾರಾಳವಾಗಿ ಬರಲಿ’ ಅಂತ 5 ಮಿ.ಮೀ. ಬಿಟ್ ಹಾಕಿ ಕೊರೀತಾರೆ. ಅರ್ಧ ಇಂಚಿನ ಪೈಪಿನ ಒಳಬಾಯಿ ಸುಮಾರು 15 ಮಿ.ಮೀ., ಅಂದರೆ 177 ಚದರ ಮಿ.ಮೀ. 5 ಮಿ.ಮೀ. ತೂತು ಹತ್ತು ಸೇರಿದರೆ 196. ಪೈಪಿನ ಬಾಯಿಗಿಂತ ತೂತುಗಳ ಬಾಯಿಯೇ ದೊಡ್ಡದಾಯಿತು! ಪೈಪಿನಲ್ಲಿ ಒತ್ತಡ ನಿಲ್ಲಲ್ಲ, ಧಾರೆ ಏಳಲ್ಲ, ಪೈಪು ಎಳ್ಳಷ್ಟು ವಾಲಿದ್ದರೂ ತಗ್ಗಿನ ಕಡೆಯ ಮಕ್ಕಳಿಗೇ ಎಲ್ಲ ನೀರು. 2 ಮಿ.ಮೀ. ತೂತು ಹತ್ತು ಸೇರಿದರೂ 31 ಚದರ ಮಿ.ಮೀ. ಮಾತ್ರ, ಹಾಗಾಗಿ ಹತ್ತೂ ಧಾರೆ ಒಂದೇ ಸಮ. ಮೂರಡಿ ಎತ್ತರದ ನೀರಿನ ಒತ್ತಡದಲ್ಲಿ ಇಂಥ ಒಂದು ತೂತಿನಿಂದ ಸೆಕೆಂಡಿಗೆ ಸುಮಾರು 8 ಮಿ.ಲೀ., ನಿಮಿಷಕ್ಕೆ ಅರ್ಧ ಲೀಟರ್ ಬರುತ್ತೆ. ಐದು ಸೆಕೆಂಡ್ ನೆನೆಸಲು, ಇಪ್ಪತ್ತೈದು ಸೆಕೆಂಡ್ ತೊಳೆಯಲು ವಾಲ್ವ್ ತೆರೆದರೆ ಒಬ್ಬರಿಗೆ ಕಾಲು ಲೀಟರ್. ನಡುವೆ ಸೋಪು ಉಜ್ಜುವ ಇಪ್ಪತ್ತು ಸೆಕೆಂಡ್ ವಾಲ್ವ್ ಮುಚ್ಚಿರಬೇಕು. ಹತ್ತು ಮಕ್ಕಳ ಒಂದು ತಂಡಕ್ಕೆ ಒಂದೂವರೆ ನಿಮಿಷ ಅಂದರೆ ಇಪ್ಪತ್ತು ತಂಡಕ್ಕೆ ಅರ್ಧ ಗಂಟೆ. ಎರಡು ಪೈಪು ಹಾಕಿದರೆ ಕಾಲು ಗಂಟೆ.

ಎಂಡ್ ಕ್ಯಾಪನ್ನು ಅಂಟಿಸಿಬಿಡಬೇಡಿ, ಚೂಡಿಯದು, ಅಂದರೆ ಹಲ್ಲಿದ್ದು ತಿರುಗಿಸಿ ಕೂರಿಸುವಂಥದು ಹಾಕಿ. ವಾರಕ್ಕೊಮ್ಮೆ ಬಿಚ್ಚಿ ಪೈಪಿನೊಳಗಿನ ಕೆಸರು ಹೊರಗೆ ಹಾಯಿಸಬೇಕು. ಮಳೆಗಾಲದಲ್ಲಿ ಹೊಳೆ, ಕಾಲುವೆಯ ನೀರು ಕೆಂಪಾದಾಗಲಂತೂ ಡ್ರಮ್ಮಿನ ಬಾಯಿಗೆ ಎರಡು ಪದರದ ಪಂಚೆಬಟ್ಟೆ ಕಟ್ಟದಿದ್ದರೆ ಎರಡೇ ದಿನಕ್ಕೆ ತೂತು ಕಟ್ಟುತ್ತೆ. ಬೋರ್‌ವೆಲ್ ನೀರಿನದು ಬೇರೆ ಕಾಟ: ತೂತಿನ ಸುತ್ತ ಬಿಳೀ ಸುಣ್ಣದ ಹಕ್ಕಳೆ ಕಟ್ಟುತ್ತೆ. ಚಳ್ಳಕೆರೆ, ಜಗಳೂರು ಕಡೆಯ ಅಡುಗೆಮನೆಗಳಲ್ಲಿ ಸ್ಟೀಲ್ ಬಿಂದಿಗೆಯ ಕಂಠ ನೋಡಿದವರಿಗೆ ಅದೇನೆಂದು ಗೊತ್ತು. ಹುಣಸೆಹುಳಿ ಹಚ್ಚಿ ಒಂದು ಗಂಟೆ ಬಿಟ್ಟು, ಸೇಫ್ಟಿ ಪಿನ್ ಆಡಿಸಿದರೆ ಬಿಡುತ್ತೆ. ಆ ಸೇಫ್ಟಿ ಪಿನ್ ಅಲ್ಲೇ ಒಂದು ದಾರದಲ್ಲಿ ನೇತಾಡುತ್ತಿರಲಿ, ಹುಡುಕಿಕೊಂಡು ಹೋಗಬೇಕಾದರೆ ಯಾರೂ ಮಾಡಲ್ಲ.

ಡ್ರಮ್ಮಿನ ಎತ್ತರದಲ್ಲಿ ಇನ್ನೊಂದು ತಮಾಷೆ ಇದೆ. ಒತ್ತಡ ಬರಲಿ ಅಂತ ಮೂರೂಕಾಲು ಅಡಿ ಸ್ಟ್ಯಾಂಡಿನ ಮೇಲೆ 200 ಲೀಟರಿನ ನೀಲಿ ಡ್ರಮ್ ಕೂರಿಸ್ತಾರೆ. ಡ್ರಮ್ಮಿನದ್ದೇ ಮೂರಡಿ ಎತ್ತರ. ಈಗ ಆರಡಿಗೂ ಮೇಲಿರುವ ಆ ಬಾಯಿಗೆ ತುಂಬಿದ ಕೊಡ ಎತ್ತಿ ಸುರಿಯುವವರು ಯಾರು? ಉದ್ಘಾಟನೆಯ ದಿನ ಟ್ಯಾಂಕರ್ ಪೈಪಿನಲ್ಲಿ ತುಂಬಿಸಿರ್ತಾರೆ, ಆಮೇಲೆ ಅದು ಒಣ ಡ್ರಮ್ಮು. ಜೊತೆಗೆ 200 ಲೀಟರ್ ಅಂದರೆ 200 ಕಿಲೋ. ಸಣ್ಣ ಕಬ್ಬಿಣದ ಆ್ಯಂಗಲ್ಲಿನ ಸ್ಟ್ಯಾಂಡಿಗೆ ಇಬ್ಬರು ಹುಡುಗರು ಜೋತುಬಿದ್ದರೆ ಏನಾಗುತ್ತೆ ಅಂತ ಯೋಚಿಸಿ. ಕೊಳಾಯಿ ಸಂಪರ್ಕವೇ ಇದ್ದರೆ ಸರಿ. ಇಲ್ಲದಿದ್ದರೆ 60ರಿಂದ 100 ಲೀಟರಿನ ಡ್ರಮ್ಮು, ಸಿಮೆಂಟ್ ಇಟ್ಟಿಗೆಯ ಕಟ್ಟೆ, ಪಕ್ಕದಲ್ಲಿ ಎರಡು ಮೆಟ್ಟಿಲು. ಡ್ರಮ್ಮಿಗೆ ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲನ್ನು ತಳದಿಂದ ಎರಡು ಇಂಚು ಮೇಲೆ ಕೂರಿಸಿದರೆ ಕೆಸರು ತಳದಲ್ಲೇ ಉಳಿಯುತ್ತೆ. ನೀರು ಇಳಿದಂತೆ ಧಾರೆಯೂ ಸೊರಗುತ್ತೆ. ಅದಕ್ಕೆ ಪೈಪಿಗಿಂತ ಡ್ರಮ್ಮಿನ ತಳ ಕನಿಷ್ಠ ಒಂದಡಿ ಮೇಲಿರಲಿ. ಪೈಪು ಪುಟ್ಟ ಮಕ್ಕಳಿಗೆ 50–55 ಸೆಂ.ಮೀ., ದೊಡ್ಡವರಿಗೆ 65–70 ಸೆಂ.ಮೀ. ಎತ್ತರದಲ್ಲಿ. ಪಿವಿಸಿ ಬಿಸಿಲಿಗೆ ಕೆಲವು ವರ್ಷದಲ್ಲಿ ಗರಿಗರಿಯಾಗಿ ಒಡೆಯುತ್ತೆ, ಸೂರಿನ ಕೆಳಗೆ ಹಾಯಿಸಿ, ಇಲ್ಲವೇ ಬಣ್ಣ ಬಳಿಯಿರಿ.

ಸೋಪು. ಬೆಣ್ಣೆದೋಸೆ ತಿಂದ ಕೈಯನ್ನು ಬರೀ ನೀರಿನಲ್ಲಿ ತೊಳೆದು ನೋಡಿ, ಸೋಪು ಯಾಕೆ ಬೇಕು ಅಂತ ಪಾಠ ಮಾಡಬೇಕಾಗಿಲ್ಲ. ಕೈಯ ಜಿಡ್ಡಿನಲ್ಲೇ ರೋಗಾಣುವೂ ಕೂತಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಶಾಲೆಗಳ ಲೆಕ್ಕ ಇಡುವಾಗ ನೀರು, ಸೋಪು ಎರಡೂ ಇದ್ದರೆ ಮಾತ್ರ ಮೂಲಭೂತ ಸೌಲಭ್ಯ ಇದೆ ಅಂತ ಬರೆದುಕೊಳ್ತವೆ. ನೀರಿದ್ದು ಸೋಪಿಲ್ಲದಿದ್ದರೆ ಅದು ‘ಸೀಮಿತ’. ಹಾಗಿದ್ದೂ ವಿದ್ಯಾರ್ಥಿಗಳ ಬಜೆಟ್ ಹಾಳೆಯಲ್ಲಿ ಕಟ್ಟುವ ಸಾಮಾನು, ಟೀ ಶರ್ಟು, ಫ್ಲೆಕ್ಸು ಎಲ್ಲ ಸೇರಿರುತ್ತೆ, ಎರಡನೇ ತಿಂಗಳ ಸೋಪು ಮಾತ್ರ ಇರಲ್ಲ.

ಗಟ್ಟಿ ಸೋಪನ್ನು ಬಯಲಲ್ಲಿ ಇಟ್ಟರೆ ಕಾಗೆ ಹೊತ್ತೊಯ್ಯುತ್ತೆ. ಮಳೆಗೆ ಕರಗುತ್ತೆ. ಈರುಳ್ಳಿ ತುಂಬುವ ಕೆಂಪು ಜಾಲರಿ ಚೀಲದ ತುಂಡಿನಲ್ಲಿ ಕಟ್ಟಿ, ಮೇಲೆ ಅರ್ಧ ತೆಂಗಿನ ಚಿಪ್ಪು ಕವುಚಿ ನೇತುಹಾಕಿದರೆ ಎರಡೂ ಬಾಧೆ ತಪ್ಪುತ್ತೆ, ಜಾಲರಿ ಉಜ್ಜುವುದಕ್ಕೂ ಅನುಕೂಲ. ಆದರೆ ಇನ್ನೂರು ಮಕ್ಕಳಿಗೆ ಸೋಪುನೀರು ಅಗ್ಗ. ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ, ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿದರೆ ಆಯಿತು. ಒಬ್ಬರಿಗೆ 5 ಮಿ.ಲೀ. ಹಿಡಿಯಿರಿ. ದಿನಕ್ಕೆ ಎರಡು ಸಲ, ಇನ್ನೂರು ಮಕ್ಕಳು: ಎರಡು ಲೀಟರ್, ಅಂದರೆ 40 ಗ್ರಾಂ ಪುಡಿ. ಶಾಲೆ 220 ದಿನ ನಡೆದರೆ ವರ್ಷಕ್ಕೆ ಒಂಬತ್ತು ಕಿಲೋಗಿಂತ ಕಡಿಮೆ. ಕಿಲೋಗೆ ನೂರು ರೂಪಾಯಿ ಅಂದುಕೊಂಡರೂ ಒಂಬೈನೂರು ರೂಪಾಯಿ. ಒಂದು ಫ್ಲೆಕ್ಸ್ ಬಿಟ್ಟರೆ ಆಯಿತು! ನೀರು ಗಡಸಾಗಿದ್ದರೆ ಗಟ್ಟಿ ಸೋಪು ನೊರೆ ಬರದೆ ಮೊಸರೊಡೆದಂತೆ ಆಗುತ್ತೆ, ಪುಡಿಯ ನೀರಿಗೆ ಆ ತೊಂದರೆ ಕಡಿಮೆ. ಅಳತೆ ಮೀರಿ ಪುಡಿ ಹಾಕಿದರೆ ಕೈ ಉರಿಯುತ್ತೆ, ಚಮಚದ ಅಳತೆಯನ್ನು ಗೋಡೆಯ ಮೇಲೆ ಅಲ್ಲಿನ ಭಾಷೆಯಲ್ಲೇ ಬರೆಸಿ. ಬಾಟಲಿ ತಂಪು ಪಾನೀಯದ್ದಾದರೆ ಲೇಬಲ್ ಕಿತ್ತು ಗುರುತು ಹಾಕಿ, ಮಕ್ಕಳು ಕುಡಿದಾರು.

ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅನ್ನುವುದನ್ನು ಮೊದಲೇ ತೀರ್ಮಾನಿಸಬೇಕು. ಇನ್ನೂರು ಮಕ್ಕಳು, ಎರಡು ಸಲ, ಸಲಕ್ಕೆ ಕಾಲು ಲೀಟರ್ ಅಂದರೆ ದಿನಕ್ಕೆ 100 ಲೀಟರ್. ಉದ್ಯೋಗ ಖಾತ್ರಿಯ ಬಚ್ಚಲುಗುಂಡಿ ನೋಡಿದವರಿಗೆ ವಿಧಾನ ಗೊತ್ತು: ಮೂರಡಿ ಚೌಕ, ಮೂರಡಿ ಆಳ, ಕೆಳಗೆ ದಪ್ಪ ಕಲ್ಲು, ಮೇಲೆ ಮೇಲೆ ಸಣ್ಣದು. ಕೆಂಪು ಮಸಾರಿ ಮಣ್ಣಿನಲ್ಲಿ ಇದು ಚೆನ್ನಾಗಿ ಇಂಗುತ್ತೆ. ಎರೆಯಲ್ಲಿ ಇಂಗಲ್ಲ. ತೋಡುವ ಮುಂಚೆ ಒಂದಡಿ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ಇಂಗಿದ ಮೇಲೆ ಇನ್ನೊಂದು ಸುರಿಯಿರಿ. ಎರಡನೆಯದು ಸಂಜೆಯವರೆಗೆ ಹಾಗೇ ನಿಂತಿದ್ದರೆ ಗುಂಡಿಯ ಆಸೆ ಬಿಟ್ಟು ಕಾಲುವೆ ತೆಗೆದು ಬಾಳೆಗೋ ನುಗ್ಗೆಗೋ ಹಾಯಿಸಿ. ನಿಂತ ನೀರಲ್ಲಿ ಸೊಳ್ಳೆ ಒಂದೂವರೆ ವಾರದೊಳಗೆ ಹಾರಲು ತಯಾರಾಗುತ್ತೆ. ಭೇದಿ ತಪ್ಪಿಸಲು ಹೋಗಿ ಸೊಳ್ಳೆ ಸಾಕಿದಂತಾಗಬಾರದು.

ಇಷ್ಟೆಲ್ಲ ಸರಿಯಿದ್ದರೂ ಉಳಿಯುವ ಪ್ರಶ್ನೆ, ನಾಳೆ ನೀರು ತುಂಬುವವರು ಯಾರು. ದಿನಕ್ಕೆ 100 ಲೀಟರ್ ಅಂದರೆ ಏಳೆಂಟು ಕೊಡ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಅದು ತಾನಾಗೇ ಹೆಣ್ಣುಮಕ್ಕಳ ತಲೆಗೆ ಬರುತ್ತೆ, ಇಲ್ಲೂ ಅಷ್ಟೇ ಅಲ್ಲೂ ಅಷ್ಟೇ. ಪಟ್ಟಿಯಲ್ಲಿ ಗಂಡುಮಕ್ಕಳ ಹೆಸರು, ಮೇಷ್ಟ್ರ ಹೆಸರು ಎರಡೂ ಇಲ್ಲದಿದ್ದರೆ ಕಟ್ಟುವ ಕೆಲಸ ಶುರು ಮಾಡಬೇಡಿ ಅನ್ನುವುದು ನಮ್ಮ ಹಟ. ಬಾವಿ ದೂರವಿದ್ದು ನೀರು ತರುವುದೇ ಕಷ್ಟ ಅನ್ನುವ ಕಡೆ ಪೈಪು ಬೇಡ, ಟಿಪ್ಪಿ ಟ್ಯಾಪೇ ಸರಿ. ಕೈ ತೊಳೆಯಲು ಕುಡಿಯುವಷ್ಟು ಶುದ್ಧ ನೀರೇ ಬೇಕಿಲ್ಲ. ಕಣ್ಣಿಗೆ ತಿಳಿಯಾಗಿದ್ದು, ಜೊತೆಗೆ ಸೋಪಿದ್ದರೆ ನಡೆಯುತ್ತೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದರೂ ಆಗುತ್ತೆ.

ಮಕ್ಕಳನ್ನು ಅಲ್ಲಿಗೆ ಕರೆತರಲು ಭಾಷಣಕ್ಕಿಂತ ಬಣ್ಣ ಮೇಲು. ಬಾಂಗ್ಲಾದೇಶದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ದಾರಿ ಹಾಕಿ, ಅದರ ಮೇಲೆ ಹೆಜ್ಜೆಗುರುತು, ತೊಳೆಯುವಲ್ಲಿ ಅಂಗೈ ಗುರುತು ಬಳಿದರು. ಸೋಪು ಹಚ್ಚಿ ತೊಳೆಯುವವರು ನೂರಕ್ಕೆ 4ರಿಂದ ಆರು ವಾರದ ಹೊತ್ತಿಗೆ 74ಕ್ಕೆ ಏರಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದು ಡಬ್ಬಿ ಬಣ್ಣದ ಕೆಲಸ. ಕೃಷ್ಣ ಜನ್ಮಾಷ್ಟಮಿಗೆ ಹೊಸಿಲಿಂದ ದೇವರ ಮನೆವರೆಗೆ ಪುಟ್ಟ ಪಾದ ಬರೆಯುವ ನಮ್ಮ ಮನೆಗಳಿಗೆ ಇದು ಹೊಸದೂ ಅಲ್ಲ.

ಕೆಲಸ ಮುಗಿದ ಮೇಲೆ ಆ ಶಾಲೆಯವರಿಗೆ ಫೋಟೊ ಕೇಳಬೇಡಿ. ಮೂವತ್ತನೇ ದಿನ ಊಟದ ಗಂಟೆ ಆದಮೇಲೆ ಪೈಪಿನ ಕೆಳಗಿನ ಮಣ್ಣು ಒದ್ದೆ ಇತ್ತಾ, ಸೋಪಿನ ಪುಡಿ ಎಷ್ಟು ಉಳಿದಿದೆ, ಎರಡೇ ಪ್ರಶ್ನೆ ಕೇಳಿ. ಅಕ್ಟೋಬರ್ 15 ಜಾಗತಿಕ ಕೈ ತೊಳೆಯುವ ದಿನ, 2008ರಿಂದ ನಡೀತಿದೆ. ಆವತ್ತು ಎಲ್ಲ ಕಡೆ ಮಣ್ಣು ಒದ್ದೆ ಇರುತ್ತೆ. ನೋಡಬೇಕಾದದ್ದು ಅಕ್ಟೋಬರ್ 16ಕ್ಕೆ.

ಹತ್ತು ಜನ ಮೂರು ದಿನಕ್ಕೆ ಹೋಗುವ ಬದಲು ಇಬ್ಬರು ಮೂರು ವಾರಕ್ಕೆ ಹೋಗಿ. ಉಳಿದ ಎಂಟು ಜನರ ಟಿಕೆಟ್ ದುಡ್ಡಲ್ಲಿ ಅಲ್ಲಿನ ಮೇಸ್ತ್ರಿಗೆ ಕೂಲಿ, ಪೈಪು, ಎಷ್ಟೋ ವರ್ಷದ ಸೋಪು ಎಲ್ಲ ಬರುತ್ತೆ. ಕೀನ್ಯಾ, ಉಗಾಂಡ ಆದರೆ ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮುಂಚೆ ಆಗಿರಬೇಕು, ಸರ್ಟಿಫಿಕೇಟ್ ಇಲ್ಲದಿದ್ದರೆ ವಾಪಸ್ ಬರುವಾಗ ತಡೆದು ನಿಲ್ಲಿಸ್ತಾರೆ. ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬಿ ಬೇಗ ಹೊತ್ತಿಕೊಳ್ಳುವ ವಸ್ತು, ವಿಮಾನಕ್ಕೆ ಬಿಡಲ್ಲ, ಅಲ್ಲೇ ಕೊಳ್ಳಿ. ನಲ್ಲಿ, ವಾಲ್ವನ್ನೂ ಅಲ್ಲೇ ಕೊಳ್ಳಿ. ಕೀನ್ಯಾದಲ್ಲಿ ನಮ್ಮಲ್ಲಿರುವ ಬ್ರಿಟಿಷ್ ಚೂಡಿಯೇ ಇರುವುದರಿಂದ ಇಲ್ಲಿಂದ ಒಯ್ದದ್ದೂ ಕೂರುತ್ತೆ. ಫಿಲಿಪ್ಪೀನ್ಸ್, ಲ್ಯಾಟಿನ್ ಅಮೆರಿಕದ ಕೆಲವು ಕಡೆ ಅಮೆರಿಕನ್ ಚೂಡಿ ಇರುತ್ತೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಹಲ್ಲು, ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ನಾಲ್ಕು ಸುತ್ತು ಸರಾಗ ತಿರುಗಿ ಕೂತಂಗೇ ಕಾಣುತ್ತೆ, ನೀರು ಬಿಟ್ಟ ಮೇಲೆ ಟೆಫ್ಲಾನ್ ಸುತ್ತಿದ್ದರೂ ಸೋರಬಹುದು.

ಬ್ಯಾಗಿನಲ್ಲಿ ಒಯ್ಯಬೇಕಾದದ್ದು ಅಳತೆಪಟ್ಟಿ, ರಸಮಟ್ಟ, ಹ್ಯಾಕ್ಸಾ ಬ್ಲೇಡು, ಕೈ ಡ್ರಿಲ್ಲು ಇಷ್ಟೇ. 2 ಮಿ.ಮೀ. ಬಿಟ್ ಮಾತ್ರ ನಾಲ್ಕೈದು ಇಟ್ಟುಕೊಳ್ಳಿ, ಮುರಿಯುವುದು ಅದೊಂದೇ.